ಕೊರಗರ ನುಡಿ ಯಾರಿಗೆ ಬೇಕು?



ಕೆಲವು ನೂರು ಜನ, ಹೆಚ್ಚೆಂದರೆ ಒಂದೆರಡು ಸಾವಿರ ಜನ ಆಡುವ ಭಾಷೆಯೊಂದು ಅಳಿದುಹೋದರೆ ಲೋಕಕ್ಕೆ ಏನು ನಷ್ಟ? ಅದನ್ನು ಉಳಿಸಲೆಂದು ಸರ್ಕಾರ ಹಣ ಸುರಿಯಬೇಕೆ, ಮೇಷ್ಟರುಗಳು ಹೆಣಗಬೇಕೆ, ಆ ಮನೆಯ ಮಕ್ಕಳು ಇನ್ನೊಂದು ಹೊರೆ ಹೊರಬೇಕೆ? ಭಾಷೆಯ ಬೆಲೆ ಗೊತ್ತಿಲ್ಲದವರು ಕೇಳುವ ಪ್ರಶ್ನೆ ಇದೆಂದು ತಳ್ಳಿಹಾಕುವ ಹಾಗಿಲ್ಲ. ಜೀವಮಾನವಿಡೀ ಸಣ್ಣ ಭಾಷೆಗಳ ಬೆನ್ನುಹತ್ತಿ ತಿರುಗಿದ ಒಬ್ಬ ದೊಡ್ಡ ವಿದ್ವಾಂಸರೇ ಇದನ್ನು ಎತ್ತಿದ್ದರು.

ಅವರು ಪೀಟರ್ ಲ್ಯಾಡಿಫೋಗೆಡ್. ಮನುಷ್ಯರ ಬಾಯಿಂದ ಹೊರಡುವ ಧ್ವನಿಗಳನ್ನು ಅವರಷ್ಟು ಊರೂರು ಅಲೆದು ದಾಖಲಿಸಿದವರು ವಿರಳ. 1992ರಲ್ಲಿ ಅಮೆರಿಕದ ಭಾಷಾವಿಜ್ಞಾನ ಸಂಘದ ಪತ್ರಿಕೆಯಲ್ಲಿ ಕೆನ್ ಹೇಲ್ ಮತ್ತು ಅವರ ಗೆಳೆಯರು ಒಂದು ಲೇಖನಮಾಲೆ ಬರೆದರು. ಜಗತ್ತಿನ ಭಾಷೆಗಳು ಬೇಗಬೇಗನೆ ನಂದಿಹೋಗುತ್ತಿವೆ, ಭಾಷಾವಿಜ್ಞಾನಿಗಳು ಕೈಕಟ್ಟಿ ಕೂರಬಾರದು ಎಂಬುದು ಅದರ ಒಟ್ಟು ಕಳಕಳಿ. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಲ್ಯಾಡಿಫೋಗೆಡ್ ಉತ್ತರ ಕೊಟ್ಟರು. ಕೀನ್ಯಾದಲ್ಲಿ ದಹಾಲೋ ಎಂಬ ಭಾಷೆಯನ್ನಾಡುವ ಒಬ್ಬ ಗೃಹಸ್ಥನನ್ನು ಅವರು ಭೇಟಿಯಾಗಿದ್ದರು. ಅದನ್ನು ಆಡುವವರು ಅಲ್ಲಿ ಉಳಿದಿದ್ದದ್ದು ಕೆಲವು ನೂರು ಮಂದಿ ಮಾತ್ರ. ನಿನ್ನ ಹುಡುಗರಿಗೆ ಈ ಮಾತು ಬರುತ್ತದೆಯೇ ಎಂದು ಕೇಳಿದರೆ, ಇಲ್ಲ, ಅವರಿಗೆ ಸ್ವಾಹಿಲಿ ಮಾತ್ರ ಬರುತ್ತದೆ ಎಂದನಂತೆ ಆತ. ಹಾಗೆ ಹೇಳುವಾಗ ಅವನ ಮುಖದಲ್ಲಿ ದುಃಖವಿರಲಿಲ್ಲ, ನಗುವಿತ್ತು. ಮಕ್ಕಳು ಶಾಲೆ ಕಂಡಿದ್ದರು, ತನಗೆ ತಿಳಿಯದ್ದನ್ನು ತಿಳಿದಿದ್ದರು ಎಂಬ ಹೆಮ್ಮೆ. ಆ ತಂದೆ ಮಾಡಿದ್ದು ತಪ್ಪೆಂದು ಹೇಳಲು ನಾನು ಯಾರು ಎಂದು ಲ್ಯಾಡಿಫೋಗೆಡ್ ಕೇಳಿದರು.

ಅದೇ ಬರಹದಲ್ಲಿ ಅವರು ನಮ್ಮ ನೆರೆಹೊರೆಯ ಮಾತನ್ನೂ ಎತ್ತುತ್ತಾರೆ. ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ಹಾದು, ಘಾಟಿ ಹತ್ತಿದರೆ ಸಿಗುವ ನೀಲಗಿರಿಯಲ್ಲಿ ತೋಡರಿದ್ದಾರೆ. ಎಮ್ಮೆ ಸಾಕುವ ಜನ, ಸಂಖ್ಯೆ ಎರಡು ಸಾವಿರದ ಆಸುಪಾಸು. ಕನ್ನಡ, ತಮಿಳು, ತುಳುಗಳ ಬಳಗಕ್ಕೇ ಸೇರಿದ ಅವರ ನುಡಿಯನ್ನು ಲ್ಯಾಡಿಫೋಗೆಡ್ ಬಹಳ ಆಸ್ಥೆಯಿಂದ ಅಭ್ಯಾಸ ಮಾಡಿದ್ದರು. ನಾಲಿಗೆಯ ತುದಿಯನ್ನು ಬಾಯೊಳಗೆ ಮೂರು ಬೇರೆ ಬೇರೆ ಕಡೆ ಅದುರಿಸಿ ಮೂರು ಬಗೆಯ ರಕಾರಗಳನ್ನು ನುಡಿಯುವ ಭಾಷೆ ಅದು. ಅಂಥ ಸಂಪತ್ತನ್ನು ಕಿವಿಯಾರೆ ಕೇಳಿದ್ದ ಅವರೇ ಬರೆದರು: ತೋಡ ಯುವಕರಿಗೆ ಹಿರಿಯರ ಮೇಲೆ ಗೌರವವಿದೆ, ಆದರೆ ಅವರು ಆಧುನಿಕ ಭಾರತದಲ್ಲಿ ಬೆರೆಯಬಯಸುತ್ತಾರೆ, ನಿತ್ಯದ ಬಳಕೆಯಲ್ಲಿ ತಮ್ಮ ಮಾತನ್ನು ಬಿಡುವುದೇ ಅದಕ್ಕೆ ತೆರಬೇಕಾದ ಬೆಲೆಯೆಂದು ಒಪ್ಪಿಕೊಂಡಿದ್ದಾರೆ.

ಈ ವಾದದಲ್ಲಿ ಆ ಜನರ ಬಗ್ಗೆ ಗೌರವವಿದೆ. ಅವರ ಬದುಕನ್ನು ಅವರೇ ತೀರ್ಮಾನಿಸಲಿ, ಪಂಡಿತರ ಕುತೂಹಲಕ್ಕಾಗಿ ಅವರನ್ನು ಕಾಡಿನಲ್ಲಿ ಕಟ್ಟಿಹಾಕುವುದು ಬೇಡ ಎಂಬ ನ್ಯಾಯದ ಮಾತಿದೆ. ಆದರೂ ಇದನ್ನು ನಾನು ಒಪ್ಪಲಾರೆ. ತಂದೆಯ ಆ ನಗು ಎಲ್ಲಿಂದ ಬಂತು ಎಂದು ಈ ವಾದ ವಿಚಾರಿಸುವುದಿಲ್ಲ. ಮಕ್ಕಳಿಗೆ ಸ್ವಾಹಿಲಿ ಬಂದದ್ದು ಅವನಿಗೆ ಸಂತೋಷ, ಸರಿ. ಅದಕ್ಕಾಗಿ ದಹಾಲೋ ಹೋಗಲೇಬೇಕಿತ್ತೆ? ಎರಡೂ ಇರಬಹುದಿತ್ತು ಎಂಬ ದಾರಿಯನ್ನು ಅವನ ಮುಂದೆ ಯಾರಾದರೂ ಇಟ್ಟಿದ್ದರೆ?

ಈ ಪ್ರಶ್ನೆಯನ್ನು ಕೀನ್ಯಾದಲ್ಲಿ ಕೇಳುವುದಕ್ಕಿಂತ ನಮ್ಮ ಕರಾವಳಿಯಲ್ಲಿ ಕೇಳಿಕೊಳ್ಳುವುದು ಮೇಲು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಜಿಲ್ಲೆಗಳಲ್ಲಿ ಕೊರಗರಿದ್ದಾರೆ. 2011ರ ಜನಗಣತಿಯ ಹೊತ್ತಿಗೆ ಕರ್ನಾಟಕದಲ್ಲಿ ಅವರ ಸಂಖ್ಯೆ ಸುಮಾರು 15,000. ಬುಟ್ಟಿ ಹೆಣೆಯುವ, ಡೋಲು ಬಾರಿಸುವ ಈ ಜನಕ್ಕೆ ತಮ್ಮದೇ ಆದ ಭಾಷೆಯಿದೆ. ಅದು ತುಳುವಿನ ಒಳನುಡಿಯಲ್ಲ, ಕನ್ನಡದ್ದೂ ಅಲ್ಲ. ಬೇರೆಯೇ ಒಂದು ದ್ರಾವಿಡ ಭಾಷೆ. ಕರಾವಳಿಯಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನಕ್ಕೆ ಈ ಸಂಗತಿ ಇಂದಿಗೂ ತಿಳಿಯದು.

ತಿಳಿಯದಿರುವುದಕ್ಕೆ ಕಾರಣವಿದೆ. ಕೊರಗರು ತಮ್ಮ ಮಾತನ್ನು ಹೊರಗಿನವರ ಮುಂದೆ ಬಿಚ್ಚುವುದಿಲ್ಲ, ಏನು ಆಸೆ ತೋರಿಸಿದರೂ ಹೇಳುವುದಿಲ್ಲ ಎಂದು ನೂರು ವರ್ಷಕ್ಕೂ ಹಿಂದಿನ ಬರಹಗಳಲ್ಲೇ ದಾಖಲಾಗಿದೆ. ಬರೆದವರಿಗೆ ಅದು ವಿಚಿತ್ರವಾಗಿ ಕಂಡಿತ್ತು. ನನಗೆ ವಿಚಿತ್ರವಾಗಿ ಕಾಣುವುದಿಲ್ಲ. ಆ ಜನರ ಮೇಲೆ ನಾವು ಹೇರಿದ್ದ ಅಜಲು ಪದ್ಧತಿಯನ್ನು ನೆನೆಯಿರಿ. ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ಉಣ್ಣಿಸುತ್ತಿದ್ದರು. ಕಂಬಳದ ಗದ್ದೆಯಲ್ಲಿ ಕೋಣಗಳಿಗಿಂತ ಮೊದಲು ಅವರನ್ನು ಓಡಿಸುತ್ತಿದ್ದರು. ಇದನ್ನು ನಿಷೇಧಿಸಲು ಕರ್ನಾಟಕ ಸರ್ಕಾರ ಪ್ರತ್ಯೇಕ ಕಾಯಿದೆಯನ್ನೇ ತರಬೇಕಾಯಿತು; ತಂದದ್ದು 2000ದಲ್ಲಿ. ಎಲ್ಲವನ್ನೂ ಕಿತ್ತುಕೊಂಡವರ ಎದುರು ಒಂದು ಜನ ತಮ್ಮ ಮಾತನ್ನಷ್ಟೇ ಬಚ್ಚಿಟ್ಟುಕೊಂಡಿದ್ದರೆ ಅದರಲ್ಲಿ ಸೋಜಿಗಪಡಲು ಏನಿದೆ?

ಹಾಗೆ ಬಚ್ಚಿಟ್ಟ ಭಾಷೆಯನ್ನು ಮೊದಲ ಬಾರಿಗೆ ಶಾಸ್ತ್ರೀಯವಾಗಿ ವಿವರಿಸಿದವರಲ್ಲಿ ನಮ್ಮವರೇ ಆದ ಡಿ. ಎನ್. ಶಂಕರ ಭಟ್ಟರು ಮುಖ್ಯರು. ಕನ್ನಡದ ಓದುಗರಿಗೆ ಅವರು ಗೊತ್ತಿರುವುದು ಮಹಾಪ್ರಾಣ ಬೇಕೋ ಬೇಡವೋ ಎಂಬ ಜಗಳದಿಂದ, ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಅವರು ಹಿಡಿದ ಹಟದಿಂದ. ಅದಕ್ಕೂ ಬಹಳ ಮುಂಚೆ, 1971ರಲ್ಲೇ, ಕೊರಗ ಭಾಷೆಯ ಬಗ್ಗೆ ಅವರ ಪುಸ್ತಕ ಪುಣೆಯ ಡೆಕ್ಕನ್ ಕಾಲೇಜಿನಿಂದ ಹೊರಬಂದಿತ್ತು. ದೂರದ ಜಾರ್ಖಂಡದ ಕುಡುಖ್, ಮಾಲ್ತೋ, ಇನ್ನೂ ದೂರದ ಬಲೂಚಿಸ್ತಾನದ ಬ್ರಾಹುಯಿ, ಈ ಉತ್ತರದ ದ್ರಾವಿಡ ಭಾಷೆಗಳ ಜೊತೆ ಕೊರಗಕ್ಕೆ ನಂಟಿರಬಹುದು ಎಂದು ಅವರು ಸೂಚಿಸಿದರು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಒಪ್ಪಲಿ ಬಿಡಲಿ, ಈ ವ್ಯಾಜ್ಯ ತೀರಬೇಕಾದರೆ ಆ ಮಾತನ್ನಾಡುವವರು ಇರಬೇಕು. ದಕ್ಷಿಣದ ಜನ ಎಲ್ಲಿಂದ ಎಲ್ಲಿಗೆ ಹೋದರು, ಯಾರು ಯಾರಿಗೆ ಯಾವ ಕಾಲದಲ್ಲಿ ನೆಂಟರಾಗಿದ್ದರು ಎಂಬುದಕ್ಕೆ ಎಷ್ಟೋ ಕಡೆ ಶಾಸನವಿಲ್ಲ, ತಾಳೆಗರಿಯಿಲ್ಲ. ಉಳಿದಿರುವ ಸಾಕ್ಷಿ ಎಂದರೆ ಬುಟ್ಟಿ ಹೆಣೆಯುತ್ತ ಕೂತ ಅಜ್ಜಿಯ ಬಾಯಿಮಾತು.

ಇನ್ನು ಬದುಕಿನ ಮಾತು. ಸಣ್ಣ ಭಾಷೆ ಬಿಟ್ಟು ದೊಡ್ಡ ಭಾಷೆ ಹಿಡಿದರೆ ಏಳಿಗೆ ಎನ್ನುತ್ತಾರಲ್ಲ, ಕೊರಗರಲ್ಲಿ ಬಹಳ ಮನೆಗಳು ತಮ್ಮ ನುಡಿಯನ್ನು ಬಿಟ್ಟು ತುಳುವಿಗೆ ಹೊರಳಿ ಎಷ್ಟೋ ಕಾಲವಾಯಿತು. ಶಾಲೆಗೆ ಹೋದವರು ಕನ್ನಡ ಕಲಿತರು. ಇದರಿಂದ ಅವರ ಬಡತನ ನೀಗಿತೆ? ಅಸ್ಪೃಶ್ಯತೆ ತೊಲಗಿತೆ? ಇಂದಿಗೂ ಕೇಂದ್ರ ಸರ್ಕಾರದ ಪಟ್ಟಿಯಲ್ಲಿ ಕರ್ನಾಟಕದ ಅತ್ಯಂತ ದುರ್ಬಲ ಬುಡಕಟ್ಟುಗಳೆಂದು ಹೆಸರಿಸಿರುವುದು ಜೇನುಕುರುಬರನ್ನೂ ಕೊರಗರನ್ನೂ. ಅವರನ್ನು ಹಿಂದಿಟ್ಟದ್ದು ಅವರ ಭಾಷೆಯಲ್ಲ. ಭೂಮಿ ಇಲ್ಲದಿರುವುದು, ಊರಿನವರು ದೂರವಿಟ್ಟದ್ದು. ಭಾಷೆ ಬಿಡಿಸಿದರೆ ಆ ಕಾರಣಗಳು ಅಲ್ಲೇ ಉಳಿಯುತ್ತವೆ, ಮನುಷ್ಯನ ಕೈಯಲ್ಲಿದ್ದ ಒಂದು ಆಸರೆ ಮಾತ್ರ ಹೋಗುತ್ತದೆ.

ಹುಟ್ಟಿದ್ದೆಲ್ಲ ಸಾಯಲೇಬೇಕು, ಭಾಷೆಯೂ ಹಾಗೆಯೇ, ಅದು ಪ್ರಕೃತಿ ನಿಯಮ ಎನ್ನುವವರಿದ್ದಾರೆ. ಲ್ಯಾಟಿನ್ ಸಾಯಲಿಲ್ಲವೆ ಎಂದು ಕೇಳುತ್ತಾರೆ. ಲ್ಯಾಟಿನ್ ಆಡುತ್ತಿದ್ದ ತಾಯಂದಿರು ಯಾವತ್ತೂ ಮಕ್ಕಳೊಡನೆ ಆ ಮಾತನ್ನು ನಿಲ್ಲಿಸಲಿಲ್ಲ. ಅದು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತ ಇಟಾಲಿಯನ್ ಆಯಿತು, ಫ್ರೆಂಚ್ ಆಯಿತು. ಹಳಗನ್ನಡ ನಮ್ಮ ಕನ್ನಡವಾದದ್ದೂ ಹೀಗೆಯೇ. ಬದಲಾಗುವುದು ಬೇರೆ, ಕಡಿದುಹೋಗುವುದು ಬೇರೆ. ಉಬಿಖ್ ಎಂಬ ಭಾಷೆ ಕಪ್ಪು ಸಮುದ್ರದ ದಂಡೆಯ ಮೇಲೆ ಚೆನ್ನಾಗಿಯೇ ಬದುಕಿತ್ತು. ಎಂಬತ್ತಕ್ಕೂ ಹೆಚ್ಚು ವ್ಯಂಜನಗಳಿದ್ದ ಅಪರೂಪದ ಭಾಷೆ. 1864ರಲ್ಲಿ ರಷ್ಯಾದ ಸೈನ್ಯ ಆ ನಾಡನ್ನು ಗೆದ್ದಾಗ ಉಬಿಖರು ಮನೆಮಠ ಬಿಟ್ಟು ತುರ್ಕಿಗೆ ಹೋದರು. ಅದನ್ನು ನಿರರ್ಗಳವಾಗಿ ಆಡಬಲ್ಲ ಕೊನೆಯ ವ್ಯಕ್ತಿ ತೆವ್ಫಿಕ್ ಎಸೆಂಚ್ 1992ರಲ್ಲಿ ತೀರಿಕೊಂಡರು. ಅಂಡಮಾನಿನ ಬೋ ಭಾಷೆಯ ಕೊನೆಯ ಅಜ್ಜಿ ಬೋವಾ ಹೋದದ್ದು 2010ರ ಜನವರಿಯಲ್ಲಿ. ಬ್ರಿಟಿಷರು ಅಲ್ಲಿ ನೆಲೆಯೂರಿದ ಮೇಲೆ ಹಬ್ಬಿದ ರೋಗಗಳು ಅವಳ ಜನವನ್ನು ಮುಂಚೆಯೇ ಅಳಿಸಿಹಾಕಿದ್ದವು. ಯುದ್ಧ, ಗಡೀಪಾರು, ರೋಗ, ಅವಮಾನ. ಇವನ್ನು ಪ್ರಕೃತಿಯ ನಿಯಮವೆಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ಭಾಷೆ ಉಳಿಸಬೇಕೆನ್ನುವ ನಮ್ಮ ಕಡೆಯವರು ಹೇಳುವ ಒಂದು ಕಾರಣವೂ ನನಗೆ ಸಮಾಧಾನ ಕೊಡುವುದಿಲ್ಲ. ಬುಡಕಟ್ಟು ಭಾಷೆಗಳಲ್ಲಿ ಗಿಡಮೂಲಿಕೆಯ ಜ್ಞಾನ ಅಡಗಿದೆ, ಅದು ನಾಳೆ ನಮಗೆ ಔಷಧಿಯಾದೀತು ಎನ್ನುತ್ತಾರೆ. ಜ್ಞಾನವಿರುವುದು ನಿಜ. ಆದರೆ ನಮಗೆ ಉಪಯೋಗಕ್ಕೆ ಬರುತ್ತದೆಂದು ಇನ್ನೊಬ್ಬರ ಮಾತು ಉಳಿಯಲಿ ಎನ್ನುವುದರಲ್ಲಿ ಹಳೆಯ ಒಡೆಯರ ದನಿ ಕೇಳಿಸುತ್ತದೆ. ಮೂಲಿಕೆಯ ಹೆಸರುಗಳನ್ನೆಲ್ಲ ಬರೆದುಕೊಂಡಾದ ಮೇಲೆ ಆ ಭಾಷೆ ಸತ್ತರೆ ಅಡ್ಡಿಯಿಲ್ಲವೇನು? ಕನ್ನಡ ಯಾಕೆ ಉಳಿಯಬೇಕು ಎಂದು ನಮ್ಮನ್ನು ಯಾರಾದರೂ ಕೇಳಿದರೆ ನಾವು ಔಷಧಿಯ ಮಾತು ಆಡುತ್ತೇವೆಯೆ? ಇದು ನಮ್ಮದು, ಇದರಲ್ಲಿ ನಾವು ನಕ್ಕಿದ್ದೇವೆ, ಅತ್ತಿದ್ದೇವೆ, ನಮ್ಮ ಮಕ್ಕಳಿಗೂ ಇದು ಬೇಕು ಎನ್ನುತ್ತೇವೆ. ಅಷ್ಟು ಸಾಕು. ಕೊರಗರಿಗೂ ತೋಡರಿಗೂ ಅಷ್ಟೇ ಸಾಕಾಗಬೇಕು.

ತೋಡರ ಹಾಡುಗಳನ್ನೇ ನೋಡಿ. ಕೆನಡಾದಲ್ಲಿ ಹುಟ್ಟಿದ ಮರ್ರೆ ಎಮೆನೋ 1935ರಲ್ಲಿ ನೀಲಗಿರಿಗೆ ಬಂದು ಮೂರು ವರ್ಷ ಇಲ್ಲಿ ಭಾಷೆಗಳನ್ನು ಅಭ್ಯಾಸ ಮಾಡಿದರು. ತೋಡ, ಕೋತ, ಕೊಡವ ನುಡಿಗಳ ಮೇಲೆ ಅವರು ಮಾಡಿದ ಕೆಲಸಕ್ಕೆ ಇಂದಿಗೂ ಸಾಟಿಯಿಲ್ಲ. ಆಗ ಬರೆದುಕೊಂಡ ತೋಡ ಹಾಡುಗಳನ್ನು 1971ರಲ್ಲಿ ದಪ್ಪನೆಯ ಹೊತ್ತಗೆಯಾಗಿ ಪ್ರಕಟಿಸಿದರು. ಯಾರ ಮನೆಯ ಎಮ್ಮೆಯಿರಲಿ, ಯಾರ ಸಾವಿರಲಿ, ಯಾವ ಪ್ರಯಾಣವಿರಲಿ, ತೋಡರು ಅದರ ಮೇಲೆ ಹಾಡು ಕಟ್ಟುತ್ತಿದ್ದರು. ಜೋಡಿ ಜೋಡಿಯಾಗಿ ನಿಂತ ಸಿದ್ಧ ನುಡಿಗಟ್ಟುಗಳನ್ನು ಆಯ್ದು ಪೋಣಿಸುವ ಬಿಗಿಯಾದ ಕಟ್ಟು ಅದಕ್ಕಿತ್ತು. ಆ ಸಣ್ಣ ಜನಸಮುದಾಯದಲ್ಲಿ ಹಾಡು ಕಟ್ಟುವವರದೇ ಒಂದು ಬೇರೆ ವರ್ಗವಿರಲಿಲ್ಲ. ಮಾತು ಬಲ್ಲವರೆಲ್ಲ ಕಟ್ಟಬಹುದಿತ್ತು. ನಮ್ಮ ದೊಡ್ಡ ಭಾಷೆಯಲ್ಲಿ ಈಗ ಎಷ್ಟು ಜನ ತಮ್ಮ ಮನೆಯ ಸಾವಿಗೆ ತಾವೇ ಹಾಡು ಕಟ್ಟುತ್ತಾರೆ? ಎಮೆನೋ ಅವರ ಪುಸ್ತಕ ಗ್ರಂಥಾಲಯದಲ್ಲಿ ಭದ್ರವಾಗಿದೆ. ಹೊಸ ಸಾವಿಗೆ, ಹೊಸ ಕರುವಿಗೆ ಹೊಸ ಹಾಡು ಬೇಕಾದರೆ ಪುಸ್ತಕ ಏನೂ ಮಾಡಲಾರದು. ಆ ಕೆಲಸಕ್ಕೆ ಮಾತು ಬಲ್ಲ ಹುಡುಗ ಹುಡುಗಿಯರೇ ಬೇಕು.

ಪುಸ್ತಕ ಬೇಡವೆಂದು ನನ್ನ ಅಭಿಪ್ರಾಯವಲ್ಲ. ಕೊಡಗಿನಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಜನರ ಬಾಯಲ್ಲಿದ್ದ ಹಾಡು, ಪದ್ಧತಿ, ಗಾದೆಗಳನ್ನು ಕೂಡಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಕೊಡವರಿಗೆ ಅದು ಇಂದಿಗೂ ಕೈಪಿಡಿ. ಹರದಾಸ ಅಪ್ಪಚ್ಚ ಕವಿಗಳ ನಾಟಕಗಳಿವೆ, 1994ರಿಂದ ಅಕಾಡೆಮಿಯಿದೆ, ಮಡಿಕೇರಿ ಆಕಾಶವಾಣಿಯಿಂದ ಕೊಡವ ಭಾಷೆಯಲ್ಲಿ ಕಾರ್ಯಕ್ರಮ ಬರುತ್ತದೆ. ಇಷ್ಟಿದ್ದೂ 2001ರ ಜನಗಣತಿಯಲ್ಲಿ 1,66,187 ಇದ್ದ ಕೊಡವ ಭಾಷಿಕರ ಸಂಖ್ಯೆ 2011ರಲ್ಲಿ 1,13,857ಕ್ಕೆ ಇಳಿಯಿತು. ಗಣತಿಯಲ್ಲಿ ಜನ ಏನು ಬರೆಸುತ್ತಾರೆ ಎಂಬುದು ಆಗಾಗ ಬದಲಾಗುತ್ತದೆ, ಇಡೀ ಇಳಿಕೆಯನ್ನು ಮಾತು ನಿಂತಿತೆಂದೇ ಓದಬೇಕಾಗಿಲ್ಲ. ಆದರೂ ಓದುಬರಹ ಬಲ್ಲ, ಆಸ್ತಿಯಿರುವ, ತಮ್ಮ ಭಾಷೆಯ ಬಗ್ಗೆ ಅಭಿಮಾನವಿರುವ ಜನರಲ್ಲೇ ಹೀಗಾದರೆ, ಇವು ಯಾವುದೂ ಇಲ್ಲದ ಕೊರಗರ ಪಾಡೇನು?

ಅಭಿಮಾನ ಇರಬೇಕಾದ ಜಾಗ ಮನೆ ಮತ್ತು ಎಳೆಮಕ್ಕಳ ಶಾಲೆ. ಇದನ್ನು ಚೆನ್ನಾಗಿ ಅರಿತವರು ನ್ಯೂಜಿಲೆಂಡಿನ ಮಾವೊರಿಗಳು. ಅಲ್ಲಿ ಮಧ್ಯದ ತಲೆಮಾರು ಇಂಗ್ಲಿಷಿಗೆ ಹೊರಳಿತ್ತು. ಭಾಷೆ ಅಜ್ಜ ಅಜ್ಜಿಯರ ಬಾಯಲ್ಲಿ ಮಾತ್ರ ಉಳಿದಿತ್ತು. 1982ರಲ್ಲಿ ಅವರು ಶಿಶುವಿಹಾರಗಳನ್ನು ತೆರೆದರು. ಐದು ವರ್ಷದೊಳಗಿನ ಮಕ್ಕಳು, ಮಾವೊರಿ ಬಲ್ಲ ಹಿರಿಯರು, ಇಡೀ ದಿನ ಮಾವೊರಿಯಲ್ಲೇ ಮಾತು, ಊಟ, ಹಾಡು. ಸರ್ಕಾರದ ದೊಡ್ಡ ಯೋಜನೆಗೆ ಕಾಯದೆ ಜನರೇ ಕೈಹಾಕಿದ ಕೆಲಸ ಅದು. ಕೆಲವೇ ವರ್ಷಗಳಲ್ಲಿ ಅಂಥವು ನೂರಾರು ಆದವು. 1987ರಲ್ಲಿ ಮಾವೊರಿ ಆ ದೇಶದ ಅಧಿಕೃತ ಭಾಷೆಯಾಯಿತು. ಬ್ರಿಟನ್ನಿಗೂ ಐರ್ಲೆಂಡಿಗೂ ನಡುವಿರುವ ಮ್ಯಾನ್ ದ್ವೀಪದ ಕತೆ ಇನ್ನೂ ಮುಂದೆ ಹೋಗುತ್ತದೆ. ಮನೆಮಾತಾಗಿ ಅಲ್ಲಿನ ಮ್ಯಾಂಕ್ಸ್ ಭಾಷೆ ಕಲಿತಿದ್ದ ಕೊನೆಯ ಮನುಷ್ಯ, ಮೀನುಗಾರ ನೆಡ್ ಮ್ಯಾಡ್ರೆಲ್, 1974ರಲ್ಲಿ ತೀರಿಕೊಂಡರು. ಆದರೆ ಅದಕ್ಕೆ ಮೊದಲೇ ಅವರ ದನಿಯನ್ನು ಮುದ್ರಿಸಿಕೊಂಡಿದ್ದರು, ಕೆಲವು ತರುಣರು ಅವರ ಪಕ್ಕ ಕೂತು ಕಲಿತಿದ್ದರು. 2001ರಲ್ಲಿ ಆ ಭಾಷೆಯಲ್ಲೇ ಪಾಠ ಹೇಳುವ ಪ್ರಾಥಮಿಕ ಶಾಲೆ ಶುರುವಾಯಿತು. 2009ರಲ್ಲಿ ಯುನೆಸ್ಕೋ ತನ್ನ ಪಟ್ಟಿಯಲ್ಲಿ ಮ್ಯಾಂಕ್ಸ್ ಸತ್ತಿದೆ ಎಂದು ಬರೆದಾಗ ಆ ಶಾಲೆಯ ಮಕ್ಕಳು ಮ್ಯಾಂಕ್ಸ್‌ನಲ್ಲೇ ಪತ್ರ ಬರೆದು ಕೇಳಿದರು, ಹಾಗಾದರೆ ನಾವು ಬರೆಯುತ್ತಿರುವುದು ಯಾವ ಭಾಷೆ ಎಂದು. ಪಟ್ಟಿ ತಿದ್ದಬೇಕಾಯಿತು.

ಲ್ಯಾಡಿಫೋಗೆಡ್ ಅವರ ಬರಹ ಬಂದ ಮರುವರ್ಷವೇ ಅದಕ್ಕೆ ನ್ಯಾನ್ಸಿ ಡೋರಿಯನ್ ಉತ್ತರ ಬರೆದಿದ್ದರು. ಸ್ಕಾಟ್ಲೆಂಡಿನ ಮೀನುಗಾರರ ಗೇಲಿಕ್ ಮಾತು ಕರಗಿಹೋಗುವುದನ್ನು ಹಲವು ವರ್ಷ ಹತ್ತಿರದಿಂದ ಕಂಡವರು ಅವರು. ಅಪ್ಪ ನಗುತ್ತ ಬಿಟ್ಟುಕೊಟ್ಟದ್ದನ್ನು ಮೊಮ್ಮಕ್ಕಳು ಬಂದು ಕೇಳುತ್ತಾರೆ, ನಮಗೇಕೆ ಕಲಿಸಲಿಲ್ಲ ಎಂದು ನೊಂದುಕೊಳ್ಳುತ್ತಾರೆ ಎಂಬುದು ಅವರ ಉತ್ತರದ ತಿರುಳು. ಮ್ಯಾನ್ ದ್ವೀಪದ ಮಕ್ಕಳು ಬರೆದ ಪತ್ರ ಆ ಮಾತಿಗೆ ಸಾಕ್ಷಿ.

ನಮ್ಮಲ್ಲಿ ಇದೆಲ್ಲ ಆಗದ ಮಾತೆ? ಒಡಿಶಾ ಸರ್ಕಾರ 2006ರಲ್ಲಿ ಹತ್ತು ಬುಡಕಟ್ಟು ಭಾಷೆಗಳಲ್ಲಿ ಮಕ್ಕಳಿಗೆ ಮೊದಲ ಪಾಠ ಹೇಳಿಕೊಡುವ ಕೆಲಸ ಶುರುಮಾಡಿ, ಆಮೇಲೆ ಭಾಷೆಗಳ ಸಂಖ್ಯೆಯನ್ನು ಹೆಚ್ಚಿಸಿತು. ಮನೆಮಾತಿನಲ್ಲಿ ಅಕ್ಷರ ಕಲಿತು ಮೆಲ್ಲಗೆ ಒಡಿಯಾಕ್ಕೆ, ಆಮೇಲೆ ಇಂಗ್ಲಿಷಿಗೆ ದಾಟುವ ಏರ್ಪಾಡು. ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿ ಇದನ್ನೇ ಹೇಳುತ್ತದೆ: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಅನುಕೂಲವನ್ನು ರಾಜ್ಯಗಳು ಕಲ್ಪಿಸಿಕೊಡಬೇಕು.

ಕನ್ನಡಿಗರಾದ ನಾವು ಈ ಮಾತನ್ನು ಬಹಳ ಜೋರಾಗಿ ಆಡಿದವರು. ಗೋಕಾಕ್ ಚಳವಳಿಯಲ್ಲಿ ಬೀದಿಗಿಳಿದೆವು. ಮಗು ತಾಯ್ನುಡಿಯಲ್ಲಿ ಕಲಿತರೆ ಚೆನ್ನಾಗಿ ಕಲಿಯುತ್ತದೆ ಎಂದು ಸುಪ್ರೀಂ ಕೋರ್ಟಿನವರೆಗೂ ಹೋದೆವು. 2014ರಲ್ಲಿ ಸಂವಿಧಾನ ಪೀಠ ನಮ್ಮ ವಿರುದ್ಧ ತೀರ್ಪು ಕೊಟ್ಟಾಗ ದುಃಖಪಟ್ಟೆವು. ಆ ದುಃಖ ನನ್ನದೂ ಹೌದು. ಆದರೆ ಅಷ್ಟು ವರ್ಷಗಳ ವಾದದಲ್ಲಿ ಕೊರಗರ ಮಗುವಿನ, ಜೇನುಕುರುಬರ ಮಗುವಿನ, ಸೋಲಿಗರ ಮಗುವಿನ ತಾಯ್ನುಡಿ ಯಾವುದೆಂದು ನಾವು ಎಷ್ಟು ಸಲ ಕೇಳಿದೆವು? ಆ ಮಕ್ಕಳ ಮುಂದೆ ಕನ್ನಡ ನಿಂತಿರುವುದು ನಮ್ಮ ಮುಂದೆ ಇಂಗ್ಲಿಷ್ ನಿಂತಿರುವ ಹಾಗೆ. ಮೇಲಿನ ಭಾಷೆಗಳಿಂದ ನಾವು ಬೇಡುವ ನ್ಯಾಯವನ್ನು ಕೆಳಗಿನ ಭಾಷೆಗಳಿಗೆ ಕೊಡದೆ ಹೋದರೆ ನಮ್ಮ ವಾದದ ಬುಡವೇ ಅಲ್ಲಾಡುತ್ತದೆ. ಕನ್ನಡಕ್ಕೆ ಇದರಿಂದ ಕುಂದೇನೂ ಇಲ್ಲ. ಕೊರಗರ ಮಗು ಈಗಲೇ ತುಳು ಆಡುತ್ತದೆ, ಕನ್ನಡ ಓದುತ್ತದೆ. ಕರಾವಳಿಯ ಪೇಟೆಯಲ್ಲಿ ಒಬ್ಬ ಅಂಗಡಿಯವರು ಬೆಳಗಿಂದ ಸಂಜೆಗೆ ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕನ್ನೂ ಆಡಿ ಬಾಗಿಲು ಹಾಕುತ್ತಾರೆ. ಹಲವು ಮಾತು ಹೊರೆಯೆಂದು ಆ ಊರಿನಲ್ಲಿ ಯಾರಿಗೂ ಅನಿಸಿಲ್ಲ.

ಮಾಡಬೇಕಾದದ್ದು ದುಬಾರಿಯೂ ಅಲ್ಲ. ಕೊರಗರ ಕಾಲನಿಗಳ ಅಂಗನವಾಡಿಯಲ್ಲಿ ಆ ಭಾಷೆ ಬಲ್ಲ ಒಬ್ಬ ಅಜ್ಜಿಯನ್ನೋ ಅಜ್ಜನನ್ನೋ ಗೌರವಧನ ಕೊಟ್ಟು ಕೂರಿಸಬಹುದು. ಕಲಿಸಬೇಕೋ ಬೇಡವೋ, ಹೊರಗಿನವರ ಮುಂದೆ ಎಷ್ಟು ಬಿಚ್ಚಬೇಕು ಎಂಬುದನ್ನು ಅವರೇ ತೀರ್ಮಾನಿಸಲಿ. ಬಚ್ಚಿಟ್ಟುಕೊಳ್ಳುವ ಹಕ್ಕೂ ಅವರದೇ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 2013ರಿಂದ ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳನ್ನು ದಾಖಲಿಸುವ ಯೋಜನೆ ನಡೆಸುತ್ತಿದೆ. ಹಾಗೆ ಕೂಡಿಸಿದ ಧ್ವನಿಮುದ್ರಿಕೆ, ಪದಕೋಶಗಳ ಪ್ರತಿ ಮೊದಲು ಆಯಾ ಜನರ ಮನೆಗೆ ಹೋಗಬೇಕು. ಕೊರಗ ಭಾಷೆಯ ಹಾಡು ಕತೆಗಳನ್ನು, ಆ ಜನ ಒಪ್ಪಿದರೆ, ಬಾನುಲಿ ನಿಯತವಾಗಿ ಬಿತ್ತರಿಸಬೇಕು. ತುಳುವಿಗೂ ಕೊಡವಕ್ಕೂ ಮಾಡಿದ ಕೆಲಸವೇ ಇದು.

ಇನ್ನೊಂದು ಕೆಲಸ ಬೇಗ ಬರಲಿದೆ. 2027ರಲ್ಲಿ ಜನಗಣತಿ. 2011ರಲ್ಲಿ ಈ ದೇಶದ ಜನ ತಮ್ಮ ತಾಯ್ನುಡಿಗೆ ಹೇಳಿದ ಹೆಸರುಗಳು 19,569. ಅವನ್ನು ಸೋಸಿ, ಕೂಡಿಸಿ, ಹತ್ತು ಸಾವಿರಕ್ಕಿಂತ ಹೆಚ್ಚು ಜನ ಆಡುವ 121 ಭಾಷೆಗಳನ್ನು ಹೆಸರಿಸಿ ಪ್ರಕಟಿಸಿದರು. ಅದಕ್ಕಿಂತ ಸಣ್ಣವು ‘ಇತರ’ ಎಂಬ ಒಂದೇ ಸಾಲಿನಲ್ಲಿ ಸೇರಿಹೋದವು. ಗಣತಿದಾರರಿಗೆ ಇರುವ ಸೂಚನೆ ಸ್ಪಷ್ಟವಾಗಿದೆ: ಮನೆಯವರು ಯಾವ ಹೆಸರು ಹೇಳುತ್ತಾರೋ ಅದನ್ನೇ ಬರೆಯಬೇಕು, ತಾವಾಗಿ ಊಹಿಸಬಾರದು. ನಮ್ಮೂರುಗಳಲ್ಲಿ ಈ ಕೆಲಸಕ್ಕೆ ಹೋಗುವವರು ಹೆಚ್ಚಾಗಿ ಶಾಲಾ ಶಿಕ್ಷಕರು. ಕರಾವಳಿಯ, ಕೊಡಗಿನ, ಹೆಗ್ಗಡದೇವನಕೋಟೆಯ, ಬಿಳಿಗಿರಿರಂಗನ ಬೆಟ್ಟದ ಶಿಕ್ಷಕರು ಈ ಭಾಷಣ ಕೇಳುತ್ತಿದ್ದರೆ ಅವರಲ್ಲಿ ನನ್ನ ಬೇಡಿಕೆ ಇದು. ಬಾಗಿಲಲ್ಲಿ ನಿಂತು ‘ಕನ್ನಡ’ ಎಂದೋ ‘ತುಳು’ ಎಂದೋ ನೀವೇ ತುಂಬಿಸಿಬಿಡಬೇಡಿ. ಮನೆಯ ಹಿರಿಯರನ್ನು ಕರೆದು, ಅಜ್ಜಿ, ನಿಮ್ಮ ಅಮ್ಮ ನಿಮ್ಮ ಹತ್ತಿರ ಯಾವ ಮಾತಿನಲ್ಲಿ ಮಾತಾಡುತ್ತಿದ್ದರು ಎಂದು ಕೇಳಿ. ಅವರು ಹೇಳಲು ಹಿಂಜರಿದರೆ ಸ್ವಲ್ಪ ಹೊತ್ತು ಕಾಯಿರಿ.